ಎಣ್ಣೆಯಲ್ಲಿ ಕರಗುವ ಸಿ ಜೀವಸತ್ವವೂ ನಾಲ್ಕು ತಾಲ್ಲೂಕುಗಳ ಹೊಗೆಸೊಪ್ಪೂ: ಒಂದು ತೌಲನಿಕ ಮಹಾಪ್ರಬಂಧದ ಸಂಗ್ರಹ

ಮೈಸೂರು ಜಿಲ್ಲೆಯ ಪಡುವಣ ಸೀಮೆಗೆ ವಿದ್ವತ್ ಪ್ರಪಂಚ ಬಗೆದ ಅನ್ಯಾಯ ಸಣ್ಣದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಶಾಸನ, ಜಾತ್ರೆ, ಆನೆ, ಅಣೆಕಟ್ಟುಗಳ ಮೇಲೆ ಪುಟಗಟ್ಟಲೆ ಬರೆದವರು ಈ ಸೀಮೆಯ ಮುಖಕಾಂತಿಯನ್ನು ಕುರಿತು ಒಂದು ಅಡಿಟಿಪ್ಪಣಿಯನ್ನೂ ದಯಪಾಲಿಸಿಲ್ಲ. ಆ ಕೊರತೆ ನೀಗಲೆಂದೇ ಈ ಸಂಪ್ರಬಂಧ. ವಿಷಯ: ಮುಖಕ್ಕೆ ಹಚ್ಚುವ ಸೀರಮ್ಮುಗಳಲ್ಲಿ ಈಚೆಗೆ ಮೆರೆಯುತ್ತಿರುವ, ಎಣ್ಣೆಯಲ್ಲಿ ಕರಗುವ ಸಿ ಜೀವಸತ್ವ. ವ್ಯಾಪ್ತಿ: ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಿಂದ ತಂಬಾಕು ಹರಾಜು ಮಾರುಕಟ್ಟೆಯವರೆಗೆ. ವಿಧಾನ: ಬೈಸಿಕೊಳ್ಳದಷ್ಟು ಹೊತ್ತು ಕೇಳುವುದು.

ಮೊದಲು ವಂಶಾವಳಿ. ಸಿ ಜೀವಸತ್ವವನ್ನು 1928ರಲ್ಲಿ ಬೇರ್ಪಡಿಸಿದವರು ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ. ಆಮೇಲೆ ಸೆಗೆಡ್ ಎಂಬ ಊರಿನಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಹೆಂಡತಿ ಕೆಂಪು ಮೆಣಸಿನಕಾಯಿ ಬಡಿಸಿದರಂತೆ. ತಿನ್ನಲು ಮನಸ್ಸಿಲ್ಲ, ಬೇಡ ಎನ್ನಲು ಧೈರ್ಯವಿಲ್ಲ. ಪರೀಕ್ಷಿಸಿ ನೋಡುತ್ತೇನೆಂದು ಅದನ್ನು ಪ್ರಯೋಗಾಲಯಕ್ಕೆ ಸಾಗಿಸಿದರು; ಸಿ ಜೀವಸತ್ವದ ಭಂಡಾರವೇ ಸಿಕ್ಕಿತು. ಇದು ಅವರೇ ಹೇಳಿಕೊಂಡ ಕಥೆ. 1937ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿ, ಬದನೆ, ಟೊಮೆಟೊ, ಹೊಗೆಸೊಪ್ಪು ನಾಲ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಎಂದ ಮೇಲೆ ಆ ನೊಬೆಲ್ಲಿನಲ್ಲಿ ಪಿರಿಯಾಪಟ್ಟಣದವರಿಗೂ ದಾಯಾದಿ ಪಾಲು ಇದೆಯೆಂಬುದು ಪ್ರಸ್ತುತ ಪ್ರಬಂಧದ ಮೊದಲ ಸಂಶೋಧನೆ. ವ್ಯಾಜ್ಯ ಹೂಡುವ ವಿಚಾರ ಸದ್ಯಕ್ಕಿಲ್ಲ.

ಈಗ ವಸ್ತುವಿಗೆ. ಸಿ ಜೀವಸತ್ವ ಹುಟ್ಟಾ ನೀರಿಗೆ ಒಲಿದದ್ದು. ಎಣ್ಣೆ ಕಂಡರೆ ಆಗದು. ನೀರಿನಲ್ಲಿ ಕರಗಿತೆಂದರೆ ಗಾಳಿ ಬೆಳಕು ತಾಗಿ ಕೆಡುತ್ತದೆ. ಕೊಂಡಾಗ ತಿಳಿಯಾಗಿದ್ದ ಸೀರಮ್ ಹಳದಿಗೆ ತಿರುಗಿ, ಕೊನೆಗೆ ಕಷಾಯದ ಬಣ್ಣಕ್ಕೆ ಬರುತ್ತದೆ. ಇದನ್ನು ತಪ್ಪಿಸಲು ರಸಾಯನಶಾಸ್ತ್ರಜ್ಞರು ಜೀವಸತ್ವಕ್ಕೆ ಕೊಬ್ಬಿನ ಆಮ್ಲ ಜೋಡಿಸಿದರು. ಒಂದೇ ಸರಪಳಿ ಜೋಡಿಸಿದರೆ ಆಸ್ಕಾರ್ಬೈಲ್ ಪಾಮಿಟೇಟ್. ಅಡುಗೆ ಎಣ್ಣೆ ಕಮಟು ಹಿಡಿಯದಿರಲು 304 ಎಂಬ ಅಂಕಿತದಲ್ಲಿ ಬೆರೆಸುವುದೂ ಇದನ್ನೇ. ನಾಲ್ಕು ಜೋಡಿಸಿದರೆ ಟೆಟ್ರಾಹೆಕ್ಸೈಲ್‌ಡೆಸೈಲ್ ಆಸ್ಕಾರ್ಬೇಟ್. ಈ ಹೆಸರನ್ನು ತಡವರಿಸದೆ ಹೇಳಿದ ಅಂಗಡಿಯವರು ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೂ ಸಿಗಲಿಲ್ಲ. "ಆಯಿಲ್ ವಿಟಮಿನ್ ಸಿ ಅಂತ ಕೇಳಿ ಸಾರ್, ಕೊಡ್ತೀವಿ" ಎನ್ನುತ್ತಾರೆ. ಯಾವ ಎಣ್ಣೆ ಎಂದು ಕೇಳಬಾರದು. ಭತ್ತದ ಸೀಮೆಯಾದ ಕೆ.ಆರ್. ನಗರದ ಅಭಿಮಾನಿಗಳು ತವುಡೆಣ್ಣೆಯ ಪರ ವಾದಿಸಿದರು. ಆ ತಾಲ್ಲೂಕಿನ ಕೊಡುಗೆ ಅಷ್ಟಕ್ಕೇ ಮುಗಿಯಿತು.

ಲೆಕ್ಕಕ್ಕೆ ಬನ್ನಿ. ಬರಿಯ ಸಿ ಜೀವಸತ್ವದ ಅಣುತೂಕ 176. ನಾಲ್ಕು ಕೊಬ್ಬು ಹೊತ್ತ ಮೇಲೆ 1130. ಎಂದರೆ ಇದು ನಾಲ್ಕಾಳಿನ ಪಲ್ಲಕ್ಕಿ. ಒಳಗೆ ಕೂತ ದೊರೆಗಿಂತ ಹೊರುವವರ ತೂಕವೇ ಐದು ಪಟ್ಟು ಮಿಗಿಲು. ಶೇ. 10 ಎಂದು ಬರೆದ 30 ಮಿಲಿಲೀಟರ್ ಬಾಟಲಿಯಲ್ಲಿ ಪಲ್ಲಕ್ಕಿಗಳ ಒಟ್ಟು ತೂಕ 3 ಗ್ರಾಂ. ಆಳುಗಳನ್ನು ಕಳಿಸಿ ದೊರೆಗಳನ್ನಷ್ಟೇ ತೂಗಿದರೆ ಅರ್ಧ ಗ್ರಾಂ ಕೂಡ ಇಲ್ಲ, 470 ಮಿಲಿಗ್ರಾಂ. ಮೆಡಿಕಲ್ ಸ್ಟೋರಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಚೀಪುವ ಮಾತ್ರೆಯಲ್ಲಿ 500 ಇರುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನುಕುರುಬರು ಚಳಿಗಾಲದಲ್ಲಿ ಆಯ್ದು ತರುವ ಬೆಟ್ಟದ ನೆಲ್ಲಿಯಲ್ಲಿ, 2017ರ ಆಹಾರ ಪೋಷಕಾಂಶ ಪಟ್ಟಿಯಂತೆ, 100 ಗ್ರಾಮಿಗೆ ಸುಮಾರು 250. ಹಳೆಯ ಪಟ್ಟಿಗಳು 600 ಎನ್ನುತ್ತಿದ್ದವು. ನೆಲ್ಲಿಯ ಮೇಲಿನ ಭಕ್ತಿ ಅಂಕಿಯಲ್ಲೂ ಇಳಿದಿರಬೇಕು. ಇಳಿದ ಲೆಕ್ಕದಲ್ಲೂ ಸುಮಾರು ಇನ್ನೂರು ಗ್ರಾಂ ನೆಲ್ಲಿಕಾಯಿ ಒಂದು ಬಾಟಲಿಗೆ ಸಮ. ಉಪ್ಪು ಬೇರೆ.

ಈ ಪ್ರಬಂಧದ ಹೃದಯಭಾಗ ಬ್ಯಾರನ್ನು. ಈ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಉಳಿದ ಕನ್ನಡಿಗರು ಕೇಳಿ. ತಂಬಾಕು ಮಂಡಳಿಯ ಪುಸ್ತಕದಲ್ಲಿ ಕರ್ನಾಟಕದ ಹಗುರ ಮಣ್ಣಿನ ಪ್ರದೇಶವೆನಿಸಿಕೊಂಡ ಈ ತಾಲ್ಲೂಕುಗಳಲ್ಲಿ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಕಾವುಮನೆಯಲ್ಲಿ ಸಾಲಾಗಿ ತೂಗುಹಾಕಿ, ಸೌದೆಯ ಕಾವಿನಲ್ಲಿ ಐದಾರು ದಿನ ಬೇಯಿಸುತ್ತಾರೆ. ಮೊದಲು ಹದವಾದ ಕಾವಿನಲ್ಲಿ ಎಲೆ ಹಳದಿಯಾಗಬೇಕು. ಆಗ ಕಾವು ಏರಿಸಿ, ಗಾಳಿಕಿಂಡಿ ತೆಗೆದು, ನೀರು ಹೊರಡಿಸಬೇಕು. ತಡವಾದರೆ ಎಲೆಯೊಳಗಿನ ಕಿಣ್ವಗಳು ಕೆಲಸ ಮುಂದುವರಿಸಿ ಹಳದಿಯನ್ನು ಕಂದು ಮಾಡಿಬಿಡುತ್ತವೆ. ಹಳದಿ ಉಳಿದರೆ ಬ್ರೈಟ್ ಗ್ರೇಡು. ಕಂದಾದರೆ ಲೋ ಗ್ರೇಡು, ಹರಾಜಿನಲ್ಲಿ ಬೇಲಿನ (ಸೊಪ್ಪಿನ ಹೊರೆಯ) ಮುಂದೆ ನಿಲ್ಲದೆ ಹೋಗುವ ಕೊಳ್ಳುವವರು, ಮನೆಯಲ್ಲಿ ಸಾಲ. ಇಲ್ಲಿ ಪ್ರಸಿದ್ಧವಾದ ತಳಿಗೆ ಕಾಂಚನ್ ಎಂದೇ ಹೆಸರು. ಗಾಳಿಯೊಡನೆ ಕೂಡಿ ಕಂದಾಗುವುದನ್ನು ತಡೆಯಲು ಪ್ಯಾರಿಸ್ಸಿನ ಕಂಪನಿಗಳು ಪಡುವ ಪಾಡನ್ನು ಹುಣಸೂರಿನ ರೈತ ನಿದ್ದೆಗೆಟ್ಟು ತಲೆಮಾರುಗಳಿಂದ ಪಟ್ಟಿದ್ದಾನೆ. ಅವನಿಗೆ ಡರ್ಮಟಾಲಜಿಯ ಗೌರವ ಪದವಿ ಏಕೆ ಸಂದಿಲ್ಲ?

ಈ ಪ್ರಶ್ನೆ ಇಟ್ಟಾಗ ಹರಾಜು ಮಾರುಕಟ್ಟೆಯ ಹಿರಿಯ ಬೆಳೆಗಾರರೊಬ್ಬರು (ಮಾಹಿತಿದಾತ-1) ಬೇಲಿನ ಮೇಲಿಂದ ಏಳದೆಯೇ ಹೇಳಿದರು: "ನೀರು ಒಳಗೇ ಬುಟ್ರೆ ಕಪ್ಪಾಗ್ದೆ ಇನ್ನೇನಾದದು ಸಾಮಿ? ಟೈಮಿಗೆ ಕಿಂಡಿ ತೆಗೀಬೇಕು. ನಿಮ್ ಬಾಟ್ಲಿಗೆ ಕಿಂಡಿ ಎಲ್ಲದೆ?" ಬಾಟಲಿಯ ವಿಷಯದಲ್ಲಿ ಈ ಸಲಹೆ ಪೂರ್ತಿ ತಿರುವುಮುರುವು, ಅದರ ಮುಚ್ಚಳ ತೆರೆದಷ್ಟೂ ಕೇಡು. ಆದರೂ ದಾಖಲಿಸಲಾಗಿದೆ.

ಪೂರ್ವಪಕ್ಷ ಹೀಗೆ: ಚರ್ಮದ ಮೇಲ್ಪದರ ಜಿಡ್ಡಿನದು, ಆದ್ದರಿಂದ ಎಣ್ಣೆಯಲ್ಲಿ ಕರಗುವುದು ಸಲೀಸಾಗಿ ಒಳಹೋಗುತ್ತದೆ. ತಯಾರಕರು ಆಣೆಯಿಟ್ಟು ಹೇಳುವ ಮಾತು. ಸಿದ್ಧಾಂತಪಕ್ಷ ಹೀಗೆ: 2000ದಲ್ಲಿ ನೆದರ್ಲೆಂಡ್ಸಿನ ವೈದ್ಯರಿಬ್ಬರು ಒಂದು ರೂಢಿಸೂತ್ರ ಮಂಡಿಸಿದರು. ಅಣುತೂಕ 500 ದಾಟಿದ್ದು ಆರೋಗ್ಯವಂತ ಚರ್ಮದ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಪಲ್ಲಕ್ಕಿ 1130. ಮರುವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು ಹಂದಿಯ ಚರ್ಮಕ್ಕೆ ಹಚ್ಚಿ ನೋಡಿದರು. ಬರಿಯ ಆಮ್ಲ, ಅದೂ ಪಿಎಚ್ 3.5ಕ್ಕಿಂತ ಕೆಳಗಿದ್ದಾಗ, ಒಳಹೋಯಿತು. ಆಸ್ಕಾರ್ಬೈಲ್ ಪಾಮಿಟೇಟ್ ಹಚ್ಚಿದ್ದರಿಂದ ಚರ್ಮದಲ್ಲಿ ಸಿ ಜೀವಸತ್ವ ಹೆಚ್ಚಲಿಲ್ಲ. ಹಂದಿಗೆ ಕಾಂತಿ ಬಂತೇ ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ಹಾಗಾದರೆ ಚರ್ಮದೊಳಗೆ ನಿಜವಾಗಿ ಇಳಿಯುವುದು ಯಾವುದು? ನಿಕೋಟಿನ್. ಅಣುತೂಕ 162, ನೀರಿಗೂ ಸೈ, ಎಣ್ಣೆಗೂ ಸೈ. ಬೆಳಗಿನ ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಸೊಪ್ಪು ಮುರಿದರೆ ಅದು ನೀರಿನಲ್ಲಿ ಇಳಿದು, ಕೈಯಿಂದ, ತೋಯ್ದ ಬಟ್ಟೆಯಿಂದ ನೇರವಾಗಿ ರಕ್ತ ಸೇರುತ್ತದೆ. ತಲೆಸುತ್ತು, ಓಕರಿಕೆ, ವಾಂತಿ, ನಿತ್ರಾಣ. ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಕಾಯಿಲೆಯೆಂದು ಗುರುತಿಸಿ ದಶಕಗಳಾದವು. ಸೊಪ್ಪು ಮುರಿಯುವ ಕೂಲಿಗೆ ಬಂದಿದ್ದ ಹೆಂಗಸೊಬ್ಬರು (ಮಾಹಿತಿದಾತೆ-2) ಸೀರಮ್ ಬಾಟಲಿಯನ್ನು ತಿರುಗಿಸಿ ನೋಡಿ, ಮೇಣ ಮೆತ್ತಿ ಕಪ್ಪಾದ ಬೆರಳು ತಾಗದಂತೆ ವಾಪಸು ಕೊಟ್ಟು, "ಇದ ಹಚ್ಚಿದ್ರೆ ಒಳಕ್ಕೋಯ್ತದಾ ಅಣ್ಣ? ಸೊಪ್ಪಿಂದು ಹಚ್ದೆನೇ ಓಯ್ತದೆ" ಎಂದರು. ಪಿನ್ನೆಲ್ ಅವರ ತಂಡಕ್ಕೆ ಇಷ್ಟು ಚಿಕ್ಕದಾಗಿ ಬರೆಯಲಾಗಿರಲಿಲ್ಲ.

ಹೊಗೆಸೊಪ್ಪಿಗೂ ಮುಖಕಾಂತಿಗೂ ನಂಟಿದೆಯೆಂಬುದಕ್ಕೆ ಇನ್ನೆರಡು ಪುರಾವೆಗಳಿವೆ. ಸಿಗರೇಟು ಸೇದುವವರಿಗೆ ಸಿ ಜೀವಸತ್ವ ಉಳಿದವರಿಗಿಂತ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಶಿಫಾರಸು. ಹೊಗೆ ಅಷ್ಟನ್ನು ತಿಂದುಹಾಕುತ್ತದೆ. ಇಲ್ಲಿ ಬೆಳೆದದ್ದು ಜಗತ್ತಿನ ಮುಖಗಳಿಂದ ಕಿತ್ತುಕೊಳ್ಳುತ್ತದೆ, ಅದನ್ನು ತುಂಬಿಕೊಡುವ ಬಾಟಲಿ ತಿರುಗಿ ಇಲ್ಲಿಗೇ ಮಾರಾಟಕ್ಕೆ ಬರುತ್ತದೆ. ಎರಡನೆಯದು ಸೊಲನೆಸಾಲ್. ಹೊಗೆಸೊಪ್ಪಿನಲ್ಲಿರುವ, ಎಣ್ಣೆಯಲ್ಲಿ ಕರಗುವ ಈ ಪದಾರ್ಥದಿಂದ ಕೋಎನ್‌ಜೈಮ್ ಕ್ಯೂ10 ತಯಾರಿಸುತ್ತಾರೆ. ಅದು ದುಬಾರಿ ಕ್ರೀಮುಗಳಲ್ಲಿ ಸಿ ಜೀವಸತ್ವದ ಪಕ್ಕದಲ್ಲೇ ಕೂರುತ್ತದೆ. ಹೊಗೆಸೊಪ್ಪು ಆ ಪೆಟ್ಟಿಗೆಗೆ ಹಿಂಬಾಗಿಲಿನಿಂದ ಎಂದೋ ಸೇರಿಯಾಗಿದೆ. ಬೆಳೆದವರ ಹೆಸರು ಮಾತ್ರ ಲೇಬಲ್ಲಿನಲ್ಲಿಲ್ಲ.

ಸಂಪ್ರಬಂಧದ ಶಿಫಾರಸು ಒಂದೇ, ಅದೂ ಈ ನಾಲ್ಕು ತಾಲ್ಲೂಕುಗಳ ಬೆಳೆಗಾರರಿಗೆ. ಕೂಲಿಯವರನ್ನು ಇಬ್ಬನಿ ಆರಿದ ಮೇಲೆ ಸೊಪ್ಪಿಗೆ ಕರೆಯಿರಿ; ಮಳೆ ಬಂದು ಅವಸರವಿದ್ದರೆ ಕೈಗವಸು, ನೀರಿಳಿಯದ ತುಂಬುತೋಳಿನ ಅಂಗಿ, ಕೈ ತೊಳೆಯಲು ಸೋಪು ನೀರು ಕೊಟ್ಟು ಕರೆಯಿರಿ. ಖರ್ಚು ಒಂದು ಬಾಟಲಿ ಸೀರಮ್ಮಿಗಿಂತ ಕಡಿಮೆ.