ಗೌರಿಹೂ ಮೀಮಾಂಸೆ, ಅಥವಾ ಇಲ್ಲದ ಗಿಡದ ಇರವು

ನವಲಗುಂದ ಸೀಮೆಯ ನಮ್ಮ ಹಿತ್ತಲು, ಬೇವಿನ ಮರದ ನೆರಳು, ಆರು ಮೊಳ ಉದ್ದ, ಮೂರು ಮೊಳ ಅಗಲ: ಇದು ಪ್ರಸ್ತುತ ಶಾಸ್ತ್ರದ ಕ್ಷೇತ್ರ. ಅಲ್ಲಿ ಈಗ ಏನೂ ಇಲ್ಲ. ಆ ಏನೂ ಇಲ್ಲದಿರುವುದೇ ಗೌರಿಹೂವಿನ ಗಿಡವೆಂದು ಸಾಧಿಸುವುದು ಗ್ರಂಥಕರ್ತನ ಉದ್ದೇಶ.

ಮೊದಲು ನಾಮನಿರ್ಣಯ. 1753ರಲ್ಲಿ ಲಿನೇಯಸ್ ಪಂಡಿತ ಇದನ್ನು 'ಗ್ಲೋರಿಯೋಸಾ ಸುಪರ್ಬಾ' ಎಂದ. ಎರಡೂ ಪದ ಬರೀ ಹೊಗಳಿಕೆ. ನಮ್ಮ ಹಿರಿಯರು ಗಡ್ಡೆ ಅಗೆದು ನೋಡಿ, ನೇಗಿಲಿನಂತೆ ಬಾಗಿದೆಯೆಂದು ಲಾಂಗಲಿ ಎಂದರು. ತೊಡಕಿರುವುದು ಗೌರಿಯಲ್ಲಿ. ಭಾದ್ರಪದದ ಗೌರಿಯೋ, ನಮ್ಮ ಕಡೆ ಸಕ್ಕರೆ ಆರತಿ ಹಿಡಿಯುವ ಕಾರ್ತಿಕದ ಗೌರಿ ಹುಣ್ಣಿಮೆಯೋ? ಮೊದಲನೆಯದಕ್ಕೆ ಬಳ್ಳಿ ದೀಪ ಹಚ್ಚಿದಂತಿರುತ್ತದೆ. ಎರಡನೆಯದಕ್ಕೆ ಹಳದಿಗಟ್ಟಿ ಮಲಗಿರುತ್ತದೆ. ಆರತಿ ಹಿಡಿದು ಬಂದ ಹೆಣ್ಣುಮಕ್ಕಳಿಗೆ ತೋರಿಸಲು ಹೂವಿಲ್ಲದ ಕಾರಣ ಗ್ರಂಥಕರ್ತ ಭಾದ್ರಪದ ಪಕ್ಷವನ್ನೇ ಹಿಡಿದಿದ್ದಾನೆ.

ಗಡ್ಡೆ ಬಂದದ್ದು ಕಲಘಟಗಿ ಕಡೆಯ ಬೀಗರ ಹೊಲದ ಬೇಲಿಯಿಂದ. ಅಲ್ಲಿ ಮಸಾರಿ ಮಣ್ಣು, ಕಾಡಿನ ಸೆರಗು. ಯಾರೂ ಕೇಳದಿದ್ದರೂ ಮಿರಗಕ್ಕೆ ಏಳುತ್ತದೆ. ನಮ್ಮದು ಎರಿ. ಮಳೆಗಾಲದಲ್ಲಿ ನೀರು ಬಿಡದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ವರ್ಷ ಗಡ್ಡೆ ಕೊಳೆಯಿತು. ಮರುವರ್ಷ ಗರಸು, ಎಲೆಗೊಬ್ಬರ ಬೆರೆಸಿ ಏರುಮಡಿ ಮಾಡಿ, ನಾಲ್ಕು ಬೆರಳು ಆಳದಲ್ಲಿ ಅಡ್ಡ ಮಲಗಿಸಿದರೂ ಏಳಲಿಲ್ಲ. ಒಂದೊಂದು ಕೋಡಿನ ತುದಿಗೆ ಒಂದೇ ಕಣ್ಣು. ಅದು ಬಸ್ಸಿನ ಗದ್ದಲದಲ್ಲಿ, ಚೀಲದೊಳಗೇ ಮುರಿದಿತ್ತು. ಮೂರನೆಯ ವರ್ಷ ಎದ್ದಿತು.

ನೆರಳು ಎಷ್ಟು ಬೇಕೆಂಬಲ್ಲಿ ಮತಭೇದವಿದೆ. ಬುಡಕ್ಕೆ ಬೇಕು, ತಲೆಗೆ ಬೇಡ: ಇದು ಬಳ್ಳಿಯ ಮತ. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ದಾಸವಾಳ ಹತ್ತಿ, ಬಿಸಿಲು ಕಂಡು, ಹೂವನ್ನು ತಲೆಕೆಳಗು ಬಿಟ್ಟಿತು. ಆರು ಎಸಳೂ ಹಿಂದಕ್ಕೆ ಮಡಚಿ ಹಸಿರಿನಿಂದ ಹಳದಿ, ಹಳದಿಯಿಂದ ಕೆಂಪು. ಶಲಾಕೆ ಮಾತ್ರ ಬುಡದಲ್ಲೇ ಅಡ್ಡ ತಿರುಗಿ, ಹೊಲ ಪಾಲಾದ ಮೇಲಿನ ಅಣ್ಣತಮ್ಮಂದಿರಂತೆ, ಉಳಿದವರ ಮುಖ ನೋಡದು.

ದೀಪಾವಳಿ ಕಳೆಯಿತು, ಬಳ್ಳಿ ಮಾಯ. ಇಲ್ಲಿ ಪೂರ್ವಪಕ್ಷ, ಅವ್ವನದು: "ತಮ್ಮಾ, ಅಲ್ಲೇನೈತೋ? ಬರೇ ಮಣ್ಣು. ನಾಕು ಮೆಣಸಿನಗಿಡಾ ಹಚ್ಚತೀನಿ, ಚಟ್ನಿಗರೆ ಆಗ್ತಾವು."

ಅವ್ವ ಓದದೆಯೇ ಭಾಟ್ಟ ಮೀಮಾಂಸಕಳು. ಕಾಣಬೇಕಾದ್ದು ಕಾಣದಿದ್ದರೆ ಅದು ಇಲ್ಲ. ಈ ಅನುಪಲಬ್ಧಿ ಭಾಟ್ಟರಿಗೆ ಆರನೆಯ ಪ್ರಮಾಣ. ಸಿದ್ಧಾಂತಿಯ ಉತ್ತರ: ಹೊಗೆ ಕಂಡು ಬೆಂಕಿ ಊಹಿಸುವವರು ಹೋದ ಶ್ರಾವಣದ ಹೂವು ನೆನೆದು ಗಡ್ಡೆ ಊಹಿಸಬಾರದೇ?

"ಊಹಿಸು. ಉಣ್ಣಾಕೂ ಅದನ್ನ ಊಹಿಸು."

ಉಣ್ಣುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ, ಇದು ಅಣಕವಲ್ಲ. ಗಡ್ಡೆ, ಬೀಜಗಳಲ್ಲಿ ಕೊಲ್ಚಿಸಿನ್ ಇದೆ. ವಾತರಕ್ತದ ಮಾತ್ರೆಯಲ್ಲಿರುವುದೂ ಅದೇ, ಗಡ್ಡೆ ತಿಂದವರ ಜೀವ ತೆಗೆಯುವುದೂ ಅದೇ. ಗೆಣಸೆಂದು ಮಕ್ಕಳು ಕೈ ಹಾಕದಂತೆ ಮಡಿಯ ಸುತ್ತ ಮುಳ್ಳು ಹಚ್ಚಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇಷ್ಟು ಗಟ್ಟಿ ಆಧಾರ ಬೇರೆ ಸಿಗದು.

ಮಲಗಿದ ಗಡ್ಡೆಗೆ ನೀರು ನಿಂತರೆ ಕೊಳೆಯುತ್ತದೆ. ಆದಕಾರಣ ಹಿತ್ತಲಿಗೆ ಬರುವ ಸಮಸ್ತರಲ್ಲಿ, ವಿಶೇಷವಾಗಿ ಅವ್ವನಲ್ಲಿ, ವಿನಂತಿ: ಮಿರಗದ ಮಳೆ ಬರುವವರೆಗೆ, ಏನೂ ಇಲ್ಲದ ಆ ಜಾಗದ ಮೇಲೆ ಮುಸುರಿ ನೀರು ಚೆಲ್ಲಬೇಡಿ.