ಭಾವನ ಬಾವಿ

ಪುಣೆಯಲ್ಲಿ ನೀರಿನ ಮಾತು ತೆಗೆದರೆ ಎದುರಿಗಿದ್ದವರ ವಯಸ್ಸು ತಿಳಿದುಬಿಡುತ್ತದೆ. ಎಂಬತ್ತರ ಆಸುಪಾಸಿನವರು ಪಾನಶೇತ್‌ನಿಂದ ಶುರುಮಾಡುತ್ತಾರೆ. 1961ರ ಜುಲೈ 12ರಂದು ಆ ಅಣೆಕಟ್ಟು ಒಡೆಯಿತು, ಕೆಳಗಿನ ಖಡಕವಾಸ್ಲಾವೂ ತಡೆಯಲಿಲ್ಲ, ಮುಠಾ ನದಿ ಪೇಠೆಗಳ ಒಳಗೇ ನಡೆದು ಬಂತು. ಅವರ ಪಾಲಿಗೆ ಮದುವೆ, ಮುಂಜಿ, ಮನೆ ಬದಲಿಸಿದ್ದು ಎಲ್ಲವೂ ಒಂದೋ ಪಾನಶೇತ್‌ಗಿಂತ ಮುಂಚೆ, ಇಲ್ಲವೇ ಆಮೇಲೆ. ಐವತ್ತು ದಾಟಿದವರು ಟಿಎಂಸಿಯಲ್ಲಿ ಮಾತಾಡುತ್ತಾರೆ. ಜುಲೈ ಬಂತೆಂದರೆ ಖಡಕವಾಸ್ಲಾ, ಪಾನಶೇತ್, ವರಸಗಾಂವ್, ಟೆಮ್‌ಘರ್ ಎಷ್ಟೆಷ್ಟು ತುಂಬಿದವೆಂದು ಪತ್ರಿಕೆಯಲ್ಲಿ ನೋಡಿಕೊಂಡೇ ಅವರು ಚಹಾಕ್ಕೆ ಕೈಹಾಕುವುದು. ಇನ್ನೂ ಚಿಕ್ಕವರ ಹತ್ತಿರ ಟ್ಯಾಂಕರಿನವನ ಫೋನ್ ನಂಬರ್ ಇರುತ್ತದೆ. ನನ್ನ ಭಾವ ಇವರಲ್ಲಿ ಯಾರ ಗುಂಪಿಗೂ ಸೇರದೆ, ಪಾಷಾಣ್‌ನ ತನ್ನ ಮನೆಯ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ.

ಭಾವ ಅಂದರೆ ಸೋದರತ್ತೆಯ ಮಗ. ಹುಟ್ಟಿದ್ದು ಧಾರವಾಡದ ಕಡೆಯ ಹಳ್ಳಿಯಲ್ಲಿ, ದುಡಿದದ್ದು ಪಿಂಪ್ರಿಯ ಕಾರ್ಖಾನೆಯಲ್ಲಿ. ನಿವೃತ್ತಿಯ ದುಡ್ಡು ಕೈಗೆ ಬಂದಾಗ ಎಲ್ಲರೂ ಒಂದೊಂದು ಸಲಹೆ ಕೊಟ್ಟೆವು: ಕಾಶಿಗೆ ಹೋಗು, ಕಾರು ಬದಲಿಸು, ಮೊಣಕಾಲು ಬದಲಿಸು. ಅವನು ಮೊಣಕಾಲಿನ ಡಾಕ್ಟರು ಹೇಳಿದ ಒಂದು ವಾಕ್ಯವನ್ನಷ್ಟೇ ಹಿಡಿದುಕೊಂಡ. "ನೀರಿನಲ್ಲಿ ವ್ಯಾಯಾಮ ಮಾಡಿದರೆ ಒಳ್ಳೆಯದು." ಡಾಕ್ಟರು ಹೇಳಿದ್ದು ವ್ಯಾಯಾಮದ ವಿಷಯ, ಭಾವ ಕೇಳಿಸಿಕೊಂಡದ್ದು ನೀರಿನ ವಿಷಯ. ಬಾಲೇವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾನಗರಿಯಿದೆ, ಅಲ್ಲಿ ದೊಡ್ಡ ಕೊಳವೂ ಇದೆ, ನಿನ್ನ ಮನೆಗೆ ದೂರವೇನಲ್ಲ ಎಂದೆ. "ಅಲ್ಲೆ ಹುಡುಗ್ರು ಭಾಳ ಜೋರ್ ಈಸ್ತಾರ, ನೋಡಿ ನಾಚಿಕಿ ಆಗ್ತದ" ಎಂದ.

ಹಿತ್ತಲು ಅಂದರೆ ಒಂದು ಪೇರಲ ಗಿಡ, ಒಂದು ಕರಿಬೇವು, ಬಟ್ಟೆ ಒಣಹಾಕುವ ಎರಡು ತಂತಿ. ಕರಿಬೇವು ಉಳಿಯಿತು, ಪೇರಲ ಹೋಯಿತು, ತಂತಿಯ ಬಗ್ಗೆ ಗಂಡಹೆಂಡಿರ ಮಾತುಕತೆ ಈಗಲೂ ನಡೆದಿದೆ. ಅಳತೆ ಇಪ್ಪತ್ನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, ನಾಲ್ಕಡಿ ಆಳ. ಪುಣೆಯ ನೆಲದಲ್ಲಿ ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಮುರಮು, ಅದರಡಿ ಜ್ವಾಲಾಮುಖಿ ಉಕ್ಕಿಸಿದ ಕರಿಕಲ್ಲು. ಕಲ್ಲು ಸಿಕ್ಕ ದಿನ ಬ್ರೇಕರ್ ತರಿಸಿದರು. ಕೋಟ್ಯಂತರ ವರ್ಷ ಸುಮ್ಮನೆ ಮಲಗಿದ್ದ ಕಲ್ಲು ಏನೂ ಅನ್ನಲಿಲ್ಲ; ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗುವ ಪಕ್ಕದ ಮನೆಯವರು ಬಂದರು. ಈ ಊರಿನಲ್ಲಿ ಆ ಮೂರು ತಾಸು ಅಂಗಡಿಯ ಬಾಗಿಲು, ಮನುಷ್ಯರ ಕಣ್ಣು ಎರಡೂ ಮುಚ್ಚಿರುವುದು ಹಳೆಯ ವಾಡಿಕೆ. ಬ್ರೇಕರಿನವನೂ ಕರಿಬೇವಿನ ನೆರಳಲ್ಲಿ ಮಲಗುವುದನ್ನು ಕಲಿತ. ಕೆಲಸ ಮೇ ತಿಂಗಳಲ್ಲಿ ಮುಗಿಯಬೇಕಾದದ್ದು ಜೂನ್‌ಗೆ ಜಾರಲು ಇದೂ ಒಂದು ಕಾರಣ.

ಜೂನ್‌ನಲ್ಲಿ ಮಳೆ ಬಂತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮುರಮು ಕಲ್ಲನ್ನು ಸೇರುವ ಸಂದಿಯಿಂದ ನೀರು ಜಿನುಗುತ್ತಿತ್ತು, ಗುಂಡಿಯಲ್ಲಿ ಮೊಣಕಾಲುದ್ದ ನಿಂತಿತ್ತು. ನಮ್ಮ ಅತ್ಯಾ ಅಷ್ಟು ಹೊತ್ತಿಗೆ ಅರಿಷಿಣ ಕುಂಕುಮದ ತಟ್ಟೆ ಹಿಡಿದು ದಂಡೆಗೆ ಬಂದಿದ್ದಳು. ಅವಳ ತವರಿನಲ್ಲಿ ಮೂರು ಬಾವಿ ತೋಡಿಸಿ, ಮೂರರಲ್ಲೂ ಕಲ್ಲು ಕಂಡು, ಒಂದೆಕರೆ ಮಾರಿದ ಕಥೆ ನಮಗೆಲ್ಲ ಬಾಯಿಪಾಠ. "ಗಂಗವ್ವ ತಾನಾಗೇ ಬಂದಾಳ" ಎಂದು ಹೂವು ಏರಿಸಿದಳು. ಅದೇ ಹೊತ್ತಿಗೆ ಕಂಟ್ರಾಕ್ಟರು ತಲೆಯ ಮೇಲೆ ಕೈಹೊತ್ತುಕೊಂಡು ನಿಂತಿದ್ದ. ಅವನು ಮೋಟಾರು ತರಿಸಿ ಆ ನೀರನ್ನು ಗಟಾರಕ್ಕೆ ಎತ್ತಿಹಾಕತೊಡಗಿದ. ಮನೆಯ ಮುಂಬಾಗಿಲಲ್ಲಿ ಸೊಸೈಟಿಯ ಟ್ಯಾಂಕರು ನೀರು ಇಳಿಸುತ್ತಿತ್ತು, ಹಿಂಬಾಗಿಲಲ್ಲಿ ನೀರು ಹೊರಗೆ ಹೋಗುತ್ತಿತ್ತು. ಅತ್ಯಾ ಎರಡೂ ಪೈಪುಗಳನ್ನು ಸಾವಕಾಶ ನೋಡಿದಳು.

"ಬಾವಿ ತೋಡಿದವರು ನೀರು ಬರ್ಲಿ ಅಂತ ಬೇಡ್ಕೋತಾರ. ನೀವು ಬರಬಾರ್ದು ಅಂತ ಇಷ್ಟು ರೊಕ್ಕಾ ಸುರೀಲಿಕತ್ತೀರಲ್ಲೋ."

ಉತ್ತರ ಕೊಡಬೇಕಾದವನು ಕಂಟ್ರಾಕ್ಟರು, ಅವನು ಕೊಟ್ಟದ್ದು ಸರಿಯಾದ ಉತ್ತರವೇ. ಕೊಳವನ್ನು ತೊಳೆಯಲು ಖಾಲಿ ಮಾಡಿದಾಗ ಸುತ್ತಲಿನ ನೆಲದಲ್ಲಿ ನೀರು ತುಂಬಿದ್ದರೆ ಅದು ಕಾಂಕ್ರೀಟಿನ ಇಡೀ ತೊಟ್ಟಿಯನ್ನೇ ಕೆಳಗಿನಿಂದ ಎತ್ತಿಬಿಡಬಹುದು. ಅದಕ್ಕಾಗಿ ತಳದಲ್ಲಿ ಒಂದು ವಾಲ್ವ್ ಇಡುತ್ತಾರೆ. ಒತ್ತಡ ಹೆಚ್ಚಾದರೆ ಅದು ತೆರೆದುಕೊಂಡು ನೆಲದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

"ಹಂಗಾರ ಬಾವೀನೇ ಆತಲ್ಲ" ಎಂದಳು ಅತ್ಯಾ.

"ಆಪತ್ಕಾಲಕ್ಕೆ ಅಷ್ಟ, ಅವ್ವಾ" ಎಂದ ಭಾವ.

ಪೇಶ್ವೆಯವರಿಗೆ ಈ ತಾಪತ್ರಯ ಇರಲಿಲ್ಲ ಅನ್ನಿಸುತ್ತದೆ. ಸುಮಾರು 1750ರ ಹೊತ್ತಿಗೆ ನಾನಾಸಾಹೇಬ ಪೇಶ್ವೆ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಾಲುವೆಯಲ್ಲಿ ನೀರನ್ನು ಶನಿವಾರವಾಡೆಯವರೆಗೆ ತಂದ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಎಂಜಿನ್. ದಾರಿಯುದ್ದಕ್ಕೂ ಪೇಠೆಗಳಲ್ಲಿ ಹೌದಗಳು. ಬಂದವರು ಕೊಡ ಅದ್ದಿ ತುಂಬಿಕೊಂಡರು. ವಾಡೆಯೊಳಗೆ ಮಾತ್ರ ಅದೇ ನೀರು ಹಜಾರಿ ಕಾರಂಜಿಯಾಗಿ ಚಿಮ್ಮಿತು. ಅಂದರೆ ನೀರಿನ ಶೋಕಿಯೂ ಈ ಊರಿಗೆ ಹೊಸದಲ್ಲ. ಊರಿನ ಕೊಡ ತುಂಬಿಸುವ ಕಾಲುವೆಯೇ ಕಾರಂಜಿಯನ್ನೂ ಕುಣಿಸಿತು ಅನ್ನುವುದಷ್ಟೇ ವ್ಯತ್ಯಾಸ. ಈ ಮಾತನ್ನು ಭಾವನ ಎದುರು ಆಡಿದೆ. "ನನಗ ಕಾತ್ರಜ್ ಯಾರು ಕೊಡ್ತಾರ?" ಎಂದ. ನ್ಯಾಯವಾದ ಪ್ರಶ್ನೆ.

ಸೋಲಿಂಗ್, ಸರಳು, ಕಾಂಕ್ರೀಟು, ಅದರ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ನೀಲಿ ಟೈಲ್ಸು, ಇವೆಲ್ಲ ಎಲ್ಲರ ಮನೆಯಲ್ಲೂ ಆಗುವಂತೆ ಹೇಳಿದ್ದಕ್ಕಿಂತ ಹೆಚ್ಚು ದುಡ್ಡಿನಲ್ಲಿ, ಹೆಚ್ಚು ದಿನಗಳಲ್ಲಿ ಆದವು. ತುಂಬಿಸುವಾಗ ಲೆಕ್ಕ ಹಾಕಿದೆವು: 32,600 ಲೀಟರ್. ಹತ್ತು ಸಾವಿರ ಲೀಟರಿನ ಮೂರು ಟ್ಯಾಂಕರು, ಮೇಲೆ ಸ್ವಲ್ಪ. ಪಟ್ಟಣದಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅಂದರೆ ಒಬ್ಬನ ಎಂಟು ತಿಂಗಳ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಸಾರಿತ್ತು. ಆ ಸುದ್ದಿಯನ್ನು ಯಾರೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಯಾರೋ ಅಂದರೆ ಭಾವನ ಹೆಂಡತಿ.

ತುಂಬಿದ ಮೇಲೆ ನೀರು ಇಳಿಯತೊಡಗಿತು. ಸೋರಿಕೆಯೋ ಆವಿಯೋ ತಿಳಿಯಲು ಹಳೆಯದೊಂದು ಉಪಾಯವಿದೆ. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು ಎರಡಕ್ಕೂ ಗುರುತು ಹಾಕುವುದು. ಎರಡೂ ಸಮನಾಗಿ ಇಳಿದರೆ ಆವಿ, ಕೊಳ ಹೆಚ್ಚು ಇಳಿದರೆ ಸೋರಿಕೆ. ಬಕೆಟ್ ಕಾಯುವ ಕೆಲಸ ಅತ್ಯಾಳ ಪಾಲಿಗೆ ಬಂತು. ಅವಳು ಕುರ್ಚಿ ಹಾಕಿಸಿಕೊಂಡು ಕೂತಳು, ಕಾಗೆ ಬಂದರೂ ಬಿಡಲಿಲ್ಲ. ಕೊನೆಗೆ ಸೋರಿಕೆಯಲ್ಲ ಎಂದು ತೀರ್ಪಾಯಿತು. ಬೇಸಿಗೆಯಲ್ಲಿ ಅಷ್ಟಗಲದ ನೀರು ದಿನಕ್ಕೆ ಬರೀ ಅರ್ಧ ಸೆಂಟಿಮೀಟರ್ ಆರಿದರೂ ಹೆಚ್ಚುಕಡಿಮೆ 135 ಲೀಟರೇ ಆಗುತ್ತದೆ. ಸೂರ್ಯನಾರಾಯಣನೂ ಮನೆಯ ಒಬ್ಬ ಸದಸ್ಯ ಅಂದುಕೊಂಡರೆ ಅವನದು ಸರ್ಕಾರ ಒಪ್ಪುವ ಖರ್ಚೇ.

ಭಾವ ಈಸುತ್ತಾನೆಯೇ? ಮೂರು ಸಲ ಕೈ ಬೀಸುವಷ್ಟರಲ್ಲಿ ಗೋಡೆ ಬರುತ್ತದೆ. ಹೊಲದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವಳಾದ ಅತ್ಯಾ ನಾಲ್ಕಡಿ ಆಳ ನೋಡಿ, "ಇದರಾಗ ಮುಳುಗಬೇಕಂದ್ರೂ ಕುಂಡರಬೇಕು" ಎಂದಿದ್ದಳು. ಅವನ ನಿಜವಾದ ವ್ಯಾಯಾಮ ದಂಡೆಯ ಮೇಲೆ ನಡೆಯುತ್ತದೆ: ಉದ್ದ ಕೋಲಿನ ಬಲೆಯಲ್ಲಿ ಎಲೆ ಹಿಡಿಯುವುದು, ಮಳೆಗಾಲದಲ್ಲಿ ಕಪ್ಪೆ ಹಿಡಿಯುವುದು, ಸ್ಯಾಂಡ್ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದು, ಕ್ಲೋರಿನ್ ಹಾಕುವುದು. ದಿನವೂ ಗಾಜಿನ ನಳಿಗೆಯಲ್ಲಿ ನೀರು ತೆಗೆದು ಹನಿ ಬಿಟ್ಟು ಪಿಎಚ್ ನೋಡುತ್ತಾನೆ. ಅದು 7.2ಕ್ಕಿಂತ ಇಳಿದರೆ ಕಂಗಾಲು, 7.8 ದಾಟಿದರೆ ನಿದ್ದೆಯಿಲ್ಲ. ತನ್ನ ರಕ್ತದ ಸಕ್ಕರೆ ಎಷ್ಟೆಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

ಇದೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಗಣೇಶ ಬಂದ. ಪುಣೆಯಲ್ಲಿ ವಿಸರ್ಜನೆಗೆ ನದಿಯ ದಂಡೆಯಲ್ಲಿ ಪಾಲಿಕೆಯೇ ಹೌದಗಳನ್ನು ಇಡುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯಾದರೆ ಮನೆಯ ಬಕೆಟ್ಟಿನಲ್ಲೇ ಕರಗಿಸಲು ಅಮೋನಿಯಂ ಬೈಕಾರ್ಬೊನೇಟ್ ಪುಡಿಯನ್ನೂ ಹಂಚುತ್ತಾರೆ. ಅದರ ವಿದ್ಯೆ ಭಾವನ ಮನೆಯಿಂದ ಅಷ್ಟೇನೂ ದೂರವಿಲ್ಲದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ್ದು. ಆದರೆ ಪಕ್ಕದಲ್ಲೇ ನೀಲಿ ನೀರು ತುಂಬಿ ನಿಂತಿರುವಾಗ ಬಕೆಟ್ಟು ಯಾರಿಗೆ ಬೇಕು? ಸೊಸೈಟಿಯ ಕಾರ್ಯದರ್ಶಿ ಸಪತ್ನೀಕರಾಗಿ ಬಂದು, ತಮ್ಮದು ಶಾಡು ಮಣ್ಣಿನ ಗಣಪತಿ, ಪರಿಸರಸ್ನೇಹಿ, ಒಂದೇ ಅಡಿ ಎತ್ತರ ಎಂದರು. ಒಂದಡಿ ಮಣ್ಣು ಫಿಲ್ಟರಿಗೆ ಹೋದರೆ ಏನಾಗುತ್ತದೆಂದು ಬಲ್ಲ ಭಾವ ಬಾಯಿ ತೆರೆಯುವ ಮುಂಚೆ ಅತ್ಯಾ "ಧಾರಾಳ ತರ್ರಿ" ಎಂದು ಕನ್ನಡದಲ್ಲೇ ಹೇಳಿಬಿಟ್ಟಳು. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ಆ ಮಾತು ತಿಳಿಯಿತು. ಮರುದಿನದಿಂದ ಉಳಿದ ಮನೆಯವರೂ ವಿಚಾರಿಸತೊಡಗಿದರು.

ಭಾವ ರಾತ್ರಿ ಕೂತು, ಪುಣೆಯ ಮನೆಗಳ ಗೇಟಿನಲ್ಲಿ ಕಾಣುವ ಖಡಕ್ ಮರಾಠಿಯಲ್ಲಿ ಒಂದು ಫಲಕ ಬರೆದ. "ಇದು ಪಾಲಿಕೆಯ ಹೌದ ಅಲ್ಲ. ವಿಸರ್ಜನೆಗೆ ಕೊಡಲಾಗುವುದಿಲ್ಲ. ಕಾರಣ ಕೇಳಬಾರದು. ಕೇಳಲೇಬೇಕೆಂದಿದ್ದರೆ ನಾಲ್ಕರ ನಂತರ ಕೇಳುವುದು." ನಲವತ್ತು ವರ್ಷ ಇಲ್ಲಿದ್ದದ್ದಕ್ಕೆ ಸಾರ್ಥಕವಾಯಿತು ಎಂದು ನಾನು ಬೆನ್ನು ತಟ್ಟಿದೆ.

ಮರುದಿನ ನಾಲ್ಕು ಗಂಟೆ ಐದು ನಿಮಿಷಕ್ಕೆ ಕಾರ್ಯದರ್ಶಿಗಳು ಕಾರಣ ಕೇಳಲು ಬಂದರು. ಅತ್ಯಾ ಅವರಿಗೆಂದು ಚಹಾಕ್ಕೆ ಇಟ್ಟಾಗಿತ್ತು.