ಬಾಣ ತುಳಿಯುವ ಕಷ್ಟ

ಮುಂಬಯಿಯ ಘಾಟ್‌ಕೋಪರಿನ ಮಾಲೊಂದರಲ್ಲಿ ಮೊಮ್ಮಗಳು "ಹತ್ತಿ ಅಜ್ಜಾ" ಎಂದು ನನ್ನನ್ನು ಕುಣಿಯುವ ಆಟದ ಯಂತ್ರದ ಮೇಲೆ ನಿಲ್ಲಿಸಿದಳು. ಹಾಡಿನ ತಾಳಕ್ಕೆ ಪರದೆಯಲ್ಲಿ ಬಾಣಗಳು ಓಡುತ್ತವೆ. ಅವು ಗುರುತು ಮುಟ್ಟಿದ ಗಳಿಗೆಗೇ ಕಾಲಡಿಯ ಅದೇ ದಿಕ್ಕಿನ ಬಾಣ ತುಳಿಯಬೇಕು. ಈ ಉಪದ್ವ್ಯಾಪವನ್ನು ಊರೂರಿಗೆ ಹಬ್ಬಿಸಿದ್ದು 1998ರಲ್ಲಿ ಜಪಾನಿನ ಕೊನಾಮಿ ಕಂಪನಿ ತಂದ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್'. ಅದರ ಮುಂದಿನ ಆವೃತ್ತಿಯೊಂದರಲ್ಲಿ 'ಮ್ಯಾಕ್ಸ್ 300' ಎಂಬ ಹಾಡಿದೆ. ನಿಮಿಷಕ್ಕೆ 300 ಬಡಿತ! ನಮ್ಮ ಯಕ್ಷಗಾನದ ಚೆಂಡೆಯವರೂ ಒಮ್ಮೆ ಬೆವರು ಒರೆಸಿಕೊಂಡಾರು.

ನಾನೇನು ಕಡಿಮೆ? ಮೂವತ್ತು ವರ್ಷ ದಾದರಿನ ಸೇತುವೆಯಲ್ಲಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಹೆಜ್ಜೆ ಹಾಕಿ ಫಾಸ್ಟ್ ಲೋಕಲ್ ರೈಲು ಹಿಡಿದವನು. ಆದರೆ ಅಲ್ಲಿ ಜನವೇ ನನ್ನನ್ನು ಕುಣಿಸುತ್ತಿತ್ತು. ಇಲ್ಲಿ ನಾನೇ ಕುಣಿಯಬೇಕಿತ್ತು. ಪಲ್ಲವಿ ಮುಗಿಯುವ ಮೊದಲೇ ಹಾಡು ನಿಂತಿತು.

"ಕರೆಂಟ್ ಹೋಯಿತಾ?"

"ಇಲ್ಲ ಅಜ್ಜಾ, ನೀವು ಫೇಲು."